ಗುಡ್ಡ ಕಡಿಯುವ ಕೈಗಳಿಗೆ ಶಿಕ್ಷಣವೆಲ್ಲಿ?

ಭಟಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜನರಿಗೆ ಮಣ್ಣು ಅಗೆಯುವ ಯಂತ್ರಗಳ ಪರಿಚಯವನ್ನು ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಗೋವೆಯ ಗಡಿಯಿಂದ ಕುಂದಾಪುರದ ವರೆಗಿನ ಸುಮಾರು ೧೯೦ ಕಿಲೋಮೀಟರು ಹೆದ್ದಾರಿಯನ್ನು ಚತುಷ್ಪಥವನ್ನಾಗಿ ಮಾಡುವ ಕೆಲಸವು ೨೦೧೪ರಲ್ಲಿ ಮೊದಲಾದಂದಿನಿಂದ ಈ ಕರಾವಳಿಯ ಗುಡ್ಡಗಳ ಬುಡದಲ್ಲಿ ಅವುಗಳ ಸದ್ದು ನಿಂತದ್ದೇ ಅಪರೂಪ. ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದ ರಸ್ತೆಯನ್ನು ಅಗಲಗೊಳಿಸುವಾಗಲೂ ಅದೇ ದೃಶ್ಯ. ತೋಟಕ್ಕೆ ಮಣ್ಣು ಹಾಕುವದಿರಲಿ, ಮನೆಯ ಪಾಯ ತೋಡುವದಿರಲಿ, ಕೆರೆಯ ಹೂಳೆತ್ತುವದಿರಲಿ, ಹಿಂದೆ ಹತ್ತು ಆಳುಗಳು ಹಾರೆ ಗುದ್ದಲಿ ಹಿಡಿದು ವಾರಗಟ್ಟಲೆ ಮಾಡುತ್ತಿದ್ದುದನ್ನು ಇಂದು ಒಂದು ಜೆಸಿಬಿಯು ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತದೆ. ಸರಪಳಿಯ ಮೇಲೆ ನಡೆಯುವ ದೊಡ್ಡ ಯಂತ್ರವು ಯಾವ ಕಂಪನಿಯದೇ ಆಗಿರಲಿ, ನಮ್ಮ ಜನ ಅದನ್ನು ಹಿಟಾಚಿ ಎಂದೇ ಕರೆಯುತ್ತಾರೆ. ಹೆಸರು ಇಷ್ಟು ಮನೆಮಾತಾಗಿರುವಾಗ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳದಿರುವದು ಸೋಜಿಗವೇ ಸರಿ. ಇಪ್ಪತ್ತು ಟನ್ನು ತೂಗುವ ಈ ಯಂತ್ರವನ್ನು ನಡೆಸುವವನು ಆ ವಿದ್ಯೆಯನ್ನು ಎಲ್ಲಿ ಕಲಿತನು? ಯಾರು ಕಲಿಸಿದರು? ಕಲಿತಿರುವನೆಂದು ಯಾರು ಪರೀಕ್ಷಿಸಿದರು?

ಉತ್ತರವು ಎಲ್ಲರಿಗೂ ಗೊತ್ತಿರುವಂಥದೇ. ಹದಿನೆಂಟು ಇಪ್ಪತ್ತರ ಹುಡುಗನೊಬ್ಬನು ಹೆಲ್ಪರನಾಗಿ ಸೇರುತ್ತಾನೆ. ಬೆಳಿಗ್ಗೆ ಯಂತ್ರಕ್ಕೆ ಗ್ರೀಸು ತುಂಬುತ್ತಾನೆ, ಡೀಸೆಲ್ಲು ಹೊತ್ತು ತರುತ್ತಾನೆ, ರಾತ್ರಿ ಅದರ ಕಾವಲಿಗೆ ಮಲಗುತ್ತಾನೆ. ಆಪರೇಟರನು ಊಟಕ್ಕಿಳಿದ ಅರ್ಧ ಗಂಟೆಯಲ್ಲಿ, ಅವನ ಮನಸ್ಸು ಬಂದರೆ, ಹುಡುಗನಿಗೆ ಲಿವರು ಮುಟ್ಟುವ ಭಾಗ್ಯ. ಯಂತ್ರವು ಗಂಟೆಯ ಬಾಡಿಗೆಯ ಮೇಲೆ ದುಡಿಯುವದರಿಂದ ಕಲಿಯುವವನಿಗಾಗಿ ಅದನ್ನು ಒಂದು ದಿನ ಬಿಟ್ಟುಕೊಡಲು ಯಾವ ಮಾಲಕನೂ ಸಿದ್ಧನಿಲ್ಲ. ಅರ್ಧ ಕೋಟಿ ರೂಪಾಯಿಯ ಆಸುಪಾಸಿನ ಬೆಲೆಯ ಯಂತ್ರ; ತಿಂಗಳು ತಿಂಗಳು ತೀರಿಸಬೇಕಾದ ಸಾಲದ ಕಂತು; ಉರಿಯುವ ಡೀಸೆಲ್ಲು. ಆತನನ್ನಾದರೂ ದೂರುವದು ಹೇಗೆ? ಹೀಗೆ ಕದ್ದು ಕಲಿತ ಹುಡುಗನು ಒಂದು ದಿನ ಆಪರೇಟರನು ರಜೆಯ ಮೇಲೆ ಊರಿಗೆ ಹೋದಾಗ ತಾನೇ ಆಪರೇಟರನಾಗುತ್ತಾನೆ. ಅವನ ಮೊದಲ ಪರೀಕ್ಷೆಯು ನಿಜವಾದ ಗುಡ್ಡದ ಅಡಿಯಲ್ಲಿ, ನಿಜವಾದ ವಿದ್ಯುತ್ ತಂತಿಯ ಕೆಳಗೆ, ನಿಜವಾದ ಮನುಷ್ಯರ ನಡುವೆ ನಡೆಯುತ್ತದೆ.

ಇದೇ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಆಶ್ರಯದಲ್ಲಿ ಯಕ್ಷಗಾನವನ್ನು ಕ್ರಮವಾಗಿ ಕಲಿಸುವ ಕೇಂದ್ರವೊಂದು ನಡೆದುಬಂದಿದೆ. ಹೆಜ್ಜೆ ಕಲಿಯದವನ ಕಾಲಿಗೆ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ನೂಕುವ ಭಾಗವತನು ನಮ್ಮಲ್ಲಿಲ್ಲ. ತಾಳ ತಪ್ಪಿದರೆ ಅಲ್ಲಿ ಪ್ರೇಕ್ಷಕರು ನಕ್ಕಾರು, ಅಷ್ಟೆ. ಇಲ್ಲಿ ತಪ್ಪಿದರೆ ಸಾಯುವವರಿದ್ದಾರೆ. ಆದರೂ ಇಲ್ಲಿ ತಾಲೀಮಿಲ್ಲ.

ಕಾಯದೆಯಾದರೂ ಈ ಕೊರತೆಯನ್ನು ತುಂಬಿದೆಯೇ ಎಂದು ನೋಡಿದರೆ ಅಲ್ಲಿಯೂ ನಿರಾಶೆಯೇ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣಯಂತ್ರ ವಾಹನವೆಂಬ ವರ್ಗವೊಂದುಂಟು. ರಬ್ಬರ್ ಗಾಲಿಯ ಮೇಲೆ ತಾನಾಗಿ ರಸ್ತೆಯಲ್ಲಿ ಓಡಾಡಬಲ್ಲ ಯಂತ್ರಗಳು ಅದರೊಳಗೆ ಬರುತ್ತವೆ. ಅವುಗಳ ಚಾಲಕನಿಗೆ ಲೈಸೆನ್ಸು ಬೇಕು. ಆದರೆ ಆ ಲೈಸೆನ್ಸು ಪರೀಕ್ಷಿಸುವದು ರಸ್ತೆಯ ಮೇಲಿನ ಓಡಾಟವನ್ನೇ ಹೊರತು ಗುಡ್ಡದ ಮುಂದಿನ ಕೆಲಸವನ್ನಲ್ಲ. ಟ್ರೇಲರಿನ ಮೇಲೆ ಹೇರಿಕೊಂಡು ಬಂದು ಇಳಿಸುವ ಸರಪಳಿ ಯಂತ್ರವು ಆ ವರ್ಗಕ್ಕೇ ಸೇರದು. ಅಂದರೆ ಕುಮಟೆಯ ಪೇಟೆಯಲ್ಲಿ ಸ್ಕೂಟರು ನಡೆಸುವ ಹುಡುಗಿಗೆ ಲೈಸೆನ್ಸು ಇಲ್ಲದಿದ್ದರೆ ದಂಡ ಬೀಳುತ್ತದೆ. ಆಕೆಯ ಮನೆಯ ಹಿಂದಿನ ಗುಡ್ಡವನ್ನು ಕಡಿಯುವವನ ಬಳಿ ಅಂಥ ಕಾಗದವನ್ನು ಯಾವ ಪೋಲೀಸನೂ ಕೇಳುವದಿಲ್ಲ. ಕೇಂದ್ರ ಸರಕಾರದ ಕೌಶಲ್ಯ ವ್ಯವಸ್ಥೆಯಲ್ಲಿ ಈ ಯಂತ್ರಗಳ ಚಾಲಕರಿಗಾಗಿ ಪಠ್ಯಕ್ರಮವೂ ಪ್ರಮಾಣಪತ್ರವೂ ಇವೆ ನಿಜ. ಅವನ್ನು ಪಡೆದವನಿಗೂ ಪಡೆಯದವನಿಗೂ ಗುತ್ತಿಗೆದಾರನು ಕೊಡುವ ಕೂಲಿ ಒಂದೇ ಆಗಿರುವ ತನಕ ಅವು ಗೋಡೆಯ ಅಲಂಕಾರ ಮಾತ್ರ.

ಈ ಉದಾಸೀನವು ಬಯಲುಸೀಮೆಯಲ್ಲಿ ಹೇಗೋ ನಡೆದೀತು. ನಮ್ಮ ಕರಾವಳಿಯ ಮಣ್ಣು ಮಾತ್ರ ಅದನ್ನು ಕ್ಷಮಿಸುವಂಥದಲ್ಲ. ಮೇಲೆ ಗಟ್ಟಿಯಾದ ಚಿರೆಕಲ್ಲಿನ ಹೊದಿಕೆ. ಅದರ ಕೆಳಗೆ ಶೇಡಿಮಣ್ಣು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಈ ಶೇಡಿಯು ನೀರು ಕುಡಿದೊಡನೆ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಮಾರ್ಚಿ ತಿಂಗಳಲ್ಲಿ ಗುಡ್ಡದ ಬುಡವನ್ನು ನೇರವಾಗಿ ಕಡಿದ ಆಪರೇಟರನಿಗೆ ಆ ದಿನ ಏನೂ ಆಗುವದಿಲ್ಲ. ಕೆಲಸ ಅಚ್ಚುಕಟ್ಟಾಯಿತೆಂದು ಮೇಲ್ವಿಚಾರಕನು ಬೆನ್ನು ತಟ್ಟುತ್ತಾನೆ. ತಪ್ಪಿನ ಫಲವು ಜುಲೈಯಲ್ಲಿ, ಬೇರೆ ಯಾರದೋ ತಲೆಯ ಮೇಲೆ ಬೀಳುತ್ತದೆ. ತಪ್ಪಿಗೂ ಶಿಕ್ಷೆಗೂ ನಡುವೆ ಇಷ್ಟು ಅಂತರವಿರುವ ಕಸುಬಿನಲ್ಲಿ ಅನುಭವವೇ ಗುರುವೆಂಬ ಮಾತು ನಡೆಯಲಾರದು. ಆ ಗುರುವು ಪಾಠ ಹೇಳಲು ಬರುವ ಹೊತ್ತಿಗೆ ಶಿಷ್ಯನು ಬೇರೊಂದು ಊರಿನ ಬೇರೊಂದು ಗುಡ್ಡದ ಮುಂದೆ ಕುಳಿತಿರುತ್ತಾನೆ.

೨೦೨೪ರ ಜುಲೈ ೧೬ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ಗಂಗಾವಳಿಗೆ ಜಾರಿ, ಹನ್ನೊಂದು ಮಂದಿಯನ್ನು ಬಲಿ ತೆಗೆದುಕೊಂಡುದನ್ನು ಈ ಜಿಲ್ಲೆಯಲ್ಲಿ ಮರೆತವರಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ರೀತಿಯ ಮೇಲೆ ಅಂದು ಎದ್ದ ಆರೋಪಗಳೂ ಮರೆತುಹೋಗಿಲ್ಲ. ಅದಕ್ಕೆ ಎರಡು ವರ್ಷ ಮೊದಲು, ೨೦೨೨ರ ಆಗಸ್ಟಿನ ಮಳೆಯಲ್ಲಿ, ಭಟಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. ಪ್ರತಿಯೊಂದು ಕುಸಿತಕ್ಕೂ ಯಂತ್ರವೇ ಕಾರಣವೆಂದು ನಾವು ಹೇಳುತ್ತಿಲ್ಲ. ಮಳೆಯ ಪಾಲು ಮಳೆಗೆ, ಇಳಿಜಾರಿನ ಪಾಲು ಇಳಿಜಾರಿಗೆ ಸಲ್ಲತಕ್ಕದ್ದೇ. ಆದರೆ ಇಂಥ ಮಳೆ, ಇಂಥ ಮಣ್ಣು ಇರುವ ನಾಡಿನಲ್ಲಿ ಗುಡ್ಡಕ್ಕೆ ಕೈಹಚ್ಚುವವನಿಗೆ ಅದರ ಸ್ವಭಾವವನ್ನು ಹೇಳಿಕೊಡದೆ ಕೆಲಸಕ್ಕೆ ಹಚ್ಚುವದು ಅಕ್ಷಮ್ಯ.

ಶಿರೂರಿನ ಇನ್ನೊಂದು ಚಿತ್ರವನ್ನೂ ಇಲ್ಲಿ ನೆನೆಯಬೇಕು. ದುರಂತದ ಮರುದಿನದಿಂದ ಆ ಮಣ್ಣನ್ನು ಸರಿಸಿದವರು ಇದೇ ಆಪರೇಟರರು. ಮೇಲೆ ಮತ್ತೆ ಜಾರಬಹುದಾದ ಗುಡ್ಡ, ಕೆಳಗೆ ತುಂಬಿ ಹರಿಯುವ ಹೊಳೆ, ಸುರಿಯುವ ಮಳೆ, ನಡುವೆ ಯಂತ್ರ. ದೇಶವೆಲ್ಲವೂ ದೂರದರ್ಶನದಲ್ಲಿ ನೋಡುತ್ತಿದ್ದ ಆ ಕೆಲಸದಲ್ಲಿ ಯಂತ್ರದೊಳಗೆ ಕುಳಿತವರ ಹೆಸರನ್ನು ಕೇಳಿದವರು ಎಷ್ಟು ಮಂದಿ? ಅಂಥ ಸಂಕಟದಲ್ಲಿ ನಾವು ನಂಬುವ ಕೈಗಳಿಗೆ ಅದಕ್ಕಾಗಿ ಒಂದು ದಿನದ ಪಾಠವನ್ನಾದರೂ ಕೊಟ್ಟಿದ್ದೆವೇ?

ಪಾಠ ಕೊಡುವ ಉಪಾಯವು ಇಂದು ಲೋಕದಲ್ಲಿ ಸಿದ್ಧವಾಗಿಯೇ ಇದೆ. ಸಿಮ್ಯುಲೇಟರ್ ಎಂದು ಕರೆಯುವ ಅನುಕರಣ ಯಂತ್ರವೇ ಅದು. ಅದರ ಹುಟ್ಟಿನ ಕಥೆಯು ಸ್ವಾರಸ್ಯವಾದುದು. ಅಮೇರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಪಿಯಾನೋ, ಆರ್ಗನ್ ವಾದ್ಯಗಳನ್ನು ಮಾಡುವ ಕಾರಖಾನೆಯವನ ಮಗನಾದ ಎಡ್ವಿನ್ ಲಿಂಕನು ವಿಮಾನ ನಡೆಸುವದನ್ನು ಕಲಿಯಹೊರಟು, ಅದಕ್ಕೆ ತಗಲುವ ವೆಚ್ಚಕ್ಕೆ ಬೇಸತ್ತು, ತಂದೆಯ ಕಾರಖಾನೆಯ ತಿದಿಗಳನ್ನೇ ಜೋಡಿಸಿ ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನವೊಂದನ್ನು ೧೯೨೯ರ ಹೊತ್ತಿಗೆ ಕಟ್ಟಿದನು. ನಮ್ಮ ಹಾರ್ಮೋನಿಯಮ್ಮಿನಲ್ಲಿ ಗಾಳಿ ತುಂಬುವ ತಿದಿಯ ಬಂಧುವೇ ಅದು. ಸೈನ್ಯದವರು ಅದನ್ನು ಮೊದಮೊದಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಾತ್ರೆಯ ತೊಟ್ಟಿಲಿನಂತೆ ವಿನೋದದ ತಾಣಗಳಲ್ಲಿ ಅದು ಮಾರಾಟವಾಯಿತು. ೧೯೩೪ರಲ್ಲಿ ಅಂಚೆ ಸಾಗಿಸುವ ಕೆಲಸವನ್ನು ಸೈನ್ಯದ ವಿಮಾನದಳಕ್ಕೆ ವಹಿಸಿದಾಗ ಮಂಜು, ಕತ್ತಲೆಗಳಲ್ಲಿ ಹಾರಲು ಕಲಿಯದ ಚಾಲಕರು ಒಬ್ಬರ ಹಿಂದೊಬ್ಬರು ಬಿದ್ದು ಸತ್ತರು. ಕೆಲವೇ ವಾರಗಳಲ್ಲಿ ಹನ್ನೆರಡು ಜೀವಗಳು ಹೋದವು. ಆಗ ಅದೇ ಸೈನ್ಯವು ಆ ಆಟಿಕೆಯನ್ನು ಆರರ ಲೆಕ್ಕದಲ್ಲಿ ಕೊಂಡಿತು. ಇಂದು ಸಿಮ್ಯುಲೇಟರಿನಲ್ಲಿ ಕುಳಿತು ಪರೀಕ್ಷೆ ಗೆಲ್ಲದ ಚಾಲಕನು ಪ್ರಯಾಣಿಕರ ದೊಡ್ಡ ವಿಮಾನವನ್ನು ನಡೆಸುವಂತಿಲ್ಲ. ನಮ್ಮ ರೈಲ್ವೆಯ ಎಂಜಿನ್ ಚಾಲಕರಿಗೂ, ಕಲ್ಲಿದ್ದಲ ಗಣಿಗಳ ಡಂಪರ್ ಚಾಲಕರಿಗೂ ಇದೇ ಬಗೆಯ ಶಿಕ್ಷಣವು ಬಂದಿದೆ. ಹೆದ್ದಾರಿಯ ಗುಡ್ಡ ಕಡಿಯುವವನೊಬ್ಬನು ಮಾತ್ರ ಇನ್ನೂ ೧೯೩೪ಕ್ಕಿಂತ ಹಿಂದಿನ ಕಾಲದಲ್ಲಿದ್ದಾನೆ.

ಅಗೆಯುವ ಯಂತ್ರದ ಸಿಮ್ಯುಲೇಟರು ನೋಡಲು ಸರಳ. ನಿಜವಾದ ಯಂತ್ರದಲ್ಲಿರುವಂಥದೇ ಆಸನ, ಎರಡು ಕೈಗಳಿಗೆ ಎರಡು ಲಿವರು, ಕಾಲಿಗೆ ಪೆಡಲು, ಮುಂದೆಯೂ ಪಕ್ಕಗಳಲ್ಲಿಯೂ ಪರದೆಗಳು. ಒಳ್ಳೆಯ ಜಾತಿಯವುಗಳಲ್ಲಿ ಆಸನವು ನೆಲದ ಏರಿಳಿತಕ್ಕೆ ತಕ್ಕಂತೆ ಓಲಾಡುತ್ತದೆ. ಬಕೆಟ್ಟು ಬಂಡೆಗೆ ತಗಲಿದರೆ ಕುಳಿತವನ ಮೈಗೆ ಆ ಪೆಟ್ಟು ತಿಳಿಯುತ್ತದೆ. ಶಿಷ್ಯನು ಮಾಡಿದ ಪ್ರತಿಯೊಂದು ಚಲನವನ್ನೂ ಅದು ಬರೆದಿಟ್ಟುಕೊಂಡು, ಪಾಠ ಮುಗಿದ ಮೇಲೆ ಎಲ್ಲಿ ತಪ್ಪಿತೆಂಬದನ್ನು ಮತ್ತೆ ತೋರಿಸುತ್ತದೆ. ಒಂದು ಹನಿ ಡೀಸೆಲ್ಲು ಉರಿಯದು.

ಲಿವರುಗಳ ವಿಷಯವೊಂದನ್ನೇ ತೆಗೆದುಕೊಳ್ಳಿರಿ. ಹಿಟಾಚಿಯ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರು ದೊಡ್ಡ ತೋಳನ್ನು ಎತ್ತಿಳಿಸುತ್ತದೆ, ಎಡಗೈಯದು ಚಿಕ್ಕ ತೋಳನ್ನು ಚಾಚುತ್ತದೆ. ಇನ್ನೊಂದು ಪದ್ಧತಿಯಲ್ಲಿ ಇವೆರಡೂ ಅದಲುಬದಲಾಗಿರುತ್ತವೆ. ಒಂದರಲ್ಲಿ ಪಳಗಿದ ಕೈಯನ್ನು ಇನ್ನೊಂದರ ಮೇಲೆ ಕೂರಿಸಿದರೆ ದಿನವೆಲ್ಲ ಸರಿಯಾಗಿ ನಡೆಸಿಯಾನು. ಗಾಬರಿಯಾದ ಒಂದು ಕ್ಷಣದಲ್ಲಿ ಮಾತ್ರ ಕೈ ಹಳೆಯ ಅಭ್ಯಾಸಕ್ಕೆ ಓಡುತ್ತದೆ. ತೋಳನ್ನು ಎತ್ತಬೇಕೆಂದವನು ಚಾಚುತ್ತಾನೆ. ಪಕ್ಕದಲ್ಲಿ ಹೊಂಡದೊಳಗೆ ಪೈಪು ಕೂಡಿಸುತ್ತಿರುವ ಕೂಲಿಯವನ ಆಯುಷ್ಯವು ಆ ಕ್ಷಣದ ಮೇಲೆ ನಿಂತಿರುತ್ತದೆ. ಗಾಬರಿಯನ್ನು ಬೇಕೆಂದಾಗ ಹುಟ್ಟಿಸಿ, ಕೈಯನ್ನು ಅದರಲ್ಲಿಯೇ ಪಳಗಿಸುವದು ಕೆಲಸದ ಸ್ಥಳದಲ್ಲಿ ಸಾಧ್ಯವೇ? ಸಿಮ್ಯುಲೇಟರಿನಲ್ಲಿ ಅದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಬಹುದು.

ಅಂಚಿನ ಬಳಿ ಕೆಲಸ ಮಾಡುವಾಗ ಸರಪಳಿಗಳು ಅಂಚಿಗೆ ಲಂಬವಾಗಿರಬೇಕು, ಅವನ್ನು ತಿರುಗಿಸುವ ಹಲ್ಲುಗಾಲಿಗಳು ಹಿಂದಿರಬೇಕು, ನೆಲ ಬಿರಿದ ಕೂಡಲೆ ನೇರವಾಗಿ ಹಿಂದೆ ಸರಿಯುವಂತಿರಬೇಕು. ತುಂಬಿದ ಬಕೆಟ್ಟನ್ನು ಪಕ್ಕಕ್ಕೆ ಚಾಚಿದಾಗ ಯಂತ್ರದ ತೋಲವು ಮುಂದಕ್ಕೆ ಚಾಚಿದಾಗಿನದಕ್ಕಿಂತ ಕಡಿಮೆ. ಯಂತ್ರವು ಉರುಳತೊಡಗಿದರೆ ಹೊರಗೆ ಹಾರಬಾರದು. ಹಾರಿದವನ ಮೇಲೆಯೇ ಅದು ಬೀಳುತ್ತದೆ. ಪಟ್ಟಿ ಬಿಗಿದುಕೊಂಡು ಒಳಗೆ ಗಟ್ಟಿಯಾಗಿ ಕುಳಿತವನು ಉಳಿಯುತ್ತಾನೆ. ತೋಳು ವಿದ್ಯುತ್ ತಂತಿಗೆ ತಗಲಿದರೆ ಒಳಗೇ ಇರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡು ಕಾಲುಗಳನ್ನೂ ಜೋಡಿಸಿ ಜಿಗಿಯಬೇಕು. ಇವು ಪುಸ್ತಕದಲ್ಲಿ ನಾಲ್ಕು ಸಾಲಿನ ಮಾತುಗಳು. ಯಂತ್ರ ವಾಲಿದ ಗಳಿಗೆಯಲ್ಲಿ ಪುಸ್ತಕವು ನೆನಪಾಗುವದಿಲ್ಲ. ಮೈಗೆ ಹತ್ತಿದ ಅಭ್ಯಾಸವೊಂದೇ ನೆನಪಾಗುವದು.

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಕೇಳಬೇಕಾದುದೇ. ಪರದೆಯ ಮುಂದೆ ಕುಳಿತು ಕಲಿತವನಿಗೆ ಮಣ್ಣಿನ ವಾಸನೆ ತಿಳಿಯದು, ಆಟವಾಡಿದವನು ಆಪರೇಟರನಾಗಲಾರನು ಎಂದು ಹಳಬರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಪರದೆಯ ಮೇಲೆ ಸತ್ತವನು ಮತ್ತೆ ಎದ್ದು ಕೂರುತ್ತಾನೆ; ಆ ಧೈರ್ಯವನ್ನೇ ಗುಡ್ಡದ ಮುಂದೆಯೂ ತಂದರೆ ಕೇಡು ಹೆಚ್ಚೇ ಆದೀತು. ಕೆಲವರಿಗೆ ಆ ಪರದೆಯ ಓಲಾಟದಿಂದ ತಲೆ ಸುತ್ತಿ ಓಕರಿಕೆ ಬರುವದೂ ಉಂಟು. ಆದುದರಿಂದ ಸಿಮ್ಯುಲೇಟರು ಶಿಕ್ಷಣದ ಆರಂಭವೇ ಹೊರತು ಕೊನೆಯಲ್ಲ. ಅದರಿಂದ ಎದ್ದವನು ಬೇಲಿ ಹಾಕಿದ ಬಯಲಿನಲ್ಲಿ, ನಿಜವಾದ ಯಂತ್ರದ ಮೇಲೆ, ನುರಿತ ಆಪರೇಟರನ ಕಣ್ಣೆದುರಿಗೆ ಕೆಲವು ವಾರ ದುಡಿಯಬೇಕು. ಬ್ರಿಟನ್ನಿನಲ್ಲಿ ಶಿಕ್ಷಣವನ್ನೂ ಪರೀಕ್ಷೆಯನ್ನೂ ಮುಗಿಸಿದವನಿಗೆ ಮೊದಲು ಕೆಂಪು ಕಾರ್ಡು ಕೊಟ್ಟು, ಕೆಲಸದಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿದ ಮೇಲೆಯೇ ನೀಲಿ ಕಾರ್ಡು ಕೊಡುವ ಕ್ರಮವಿದೆ. ನಮ್ಮ ಹಳೆಯ ಆಪರೇಟರರನ್ನು ಇದರಿಂದ ದೂರವಿಡದೆ ಅವರನ್ನೇ ಗುರುಗಳನ್ನಾಗಿ ಸಂಬಳದ ಮೇಲೆ ಕೂರಿಸಿದರೆ ಮಣ್ಣಿನ ವಾಸನೆಯ ಕೊರತೆಯೂ ನೀಗುವದು.

ಹೊರಗಿನಿಂದ ತರಿಸಿದ ಸಿಮ್ಯುಲೇಟರಿನಲ್ಲಿ ಹೊರಗಿನ ಸೀಮೆಯ ಗುಡ್ಡಗಳೇ ಇದ್ದರೆ ಪ್ರಯೋಜನವು ಅರ್ಧ. ಚಿರೆಕಲ್ಲಿನ ಕೆಳಗೆ ಶೇಡಿಮಣ್ಣು ಅಡಗಿರುವ ಇಳಿಜಾರು, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತ ಇಳಿಯುವ ಪಾಠ, ಬುಡವನ್ನು ಮೊದಲು ಕೊರೆದರೆ ಮೂರು ತಿಂಗಳ ಮಳೆಯನ್ನು ಮೂರು ನಿಮಿಷಗಳಲ್ಲಿ ಸುರಿಸಿ ಏನಾಗುವದೆಂದು ತೋರಿಸುವ ಪಾಠ, ಶರಾವತಿ ಅಘನಾಶಿನಿಗಳ ಗಜನಿಯ ಕೆಸರಿನಲ್ಲಿ ಯಂತ್ರವು ಹೂತುಕೊಳ್ಳುವ ಪಾಠ ಅದರಲ್ಲಿ ಇರಬೇಕು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಂಥ ವಿದ್ಯಾಪೀಠವು ಇದೇ ಕರಾವಳಿಯಲ್ಲಿರುವಾಗ ಈ ಕೆಲಸಕ್ಕೆ ವಿದೇಶದ ಪಂಡಿತರನ್ನು ಕಾಯಬೇಕಾಗಿಲ್ಲ. ಪಾಠದ ಭಾಷೆಯು ಕನ್ನಡವಾಗಿರತಕ್ಕದ್ದು. ದುಡಿಯಲು ಬಿಹಾರ, ಝಾರಖಂಡಗಳಿಂದ ಬಂದ ತರುಣರು ಕುಳಿತಾಗ ಅವರ ಮಾತಿನಲ್ಲಿಯೂ ಹೇಳಬೇಕು. ಎಚ್ಚರಿಕೆಯ ಕೂಗು ಅರ್ಥವಾಗದವನಿಂದ ಎಲ್ಲರಿಗೂ ಅಪಾಯ.

ಹಣವೆಲ್ಲಿದೆ ಎಂಬ ಪ್ರಶ್ನೆಯು ಈ ಬಾಬಿನಲ್ಲಿ ಏಳಬಾರದಾಗಿತ್ತು. ಕಟ್ಟಡ ಹಾಗೂ ಇತರ ನಿರ್ಮಾಣ ಕಾರ್ಮಿಕರ ಹೆಸರಿನಲ್ಲಿ ೧೯೯೬ರ ಕಾಯದೆಯ ಆಧಾರದಿಂದ ನಿರ್ಮಾಣವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಕರ್ನಾಟಕದಲ್ಲಿ ವಸೂಲಾಗುತ್ತ ಬಂದ ಸುಂಕವು ಸಾವಿರಾರು ಕೋಟಿ ರೂಪಾಯಿಯಷ್ಟಾಗಿದೆ. ಈ ಹೆದ್ದಾರಿಯೂ ಆ ಲೆಕ್ಕದ ಹೊರಗಿನದಲ್ಲ. ಆ ನಿಧಿಯಿಂದ ಕಿಟ್ಟುಗಳನ್ನು ಹಂಚಿದ ಸುದ್ದಿಯನ್ನು ವಾಚಕರು ಬಲ್ಲರು. ಕಾರ್ಮಿಕನ ಪ್ರಾಣವನ್ನು ಉಳಿಸುವ ವಿದ್ಯೆಗಿಂತ ದೊಡ್ಡ ಕಿಟ್ಟು ಯಾವುದು? ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಜೊತೆಗೂಡಿ ರಾಜ್ಯ ಸರಕಾರವು ನಾಲ್ಕೂವರೆ ಸಾವಿರ ಕೋಟಿಗೂ ಮಿಕ್ಕಿದ ಯೋಜನೆಯಲ್ಲಿ ೧೫೦ ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಮೇಲ್ದರ್ಜೆಗೆ ಏರಿಸಿತು. ರೋಬೋಟು ಮೊದಲಾದ ಹೊಸ ಯಂತ್ರಗಳು ಬಂದವು. ಸಂತೋಷ. ಆದರೆ ಹೊನ್ನಾವರದ ತರುಣನು ಶಾಲೆ ಬಿಟ್ಟ ಮರುವರ್ಷ ಕೈಯಿಡುವ ಯಂತ್ರವು ರೋಬೋಟಲ್ಲ. ಮಣ್ಣು ಅಗೆಯುವ ದೊಡ್ಡ ಯಂತ್ರಗಳು ನಮ್ಮ ನಾಡಿನಲ್ಲಿಯೇ ತಯಾರಾಗುತ್ತವೆ. ೧೯೬೪ರಲ್ಲಿ ಹುಟ್ಟಿದ ಬಿಇಎಂಎಲ್ ಸಂಸ್ಥೆಯ ಕಾರಖಾನೆಗಳು ಕೋಲಾರದ ಚಿನ್ನದ ಗಣಿ, ಮೈಸೂರು, ಬೆಂಗಳೂರುಗಳಲ್ಲಿವೆ. ಟಾಟಾ ಹಿಟಾಚಿಯ ಕಾರಖಾನೆಯು ಘಟ್ಟದ ಮೇಲೆ, ಧಾರವಾಡದಲ್ಲಿದೆ. ಯಂತ್ರವನ್ನು ಮಾರುವವರು ಅದನ್ನು ನಡೆಸುವ ವಿದ್ಯೆಯನ್ನು ಹಂಚುವದರಲ್ಲಿಯೂ ಪಾಲುಗಾರರಾಗಬೇಕೆಂದು ಸರಕಾರವು ಕೇಳಿದರೆ ಅದು ಅತಿಯಾಗಲಾರದು.

ಇಲ್ಲಿ ಒಂದು ಅಪಾಯವನ್ನು ಮೊದಲೇ ಕಂಡುಕೊಳ್ಳಬೇಕು. ಶಿಕ್ಷಣದ ಕಾಗದವನ್ನು ಆಪರೇಟರನ ಕೈಗಿತ್ತು, ನಾಳೆ ಗುಡ್ಡ ಕುಸಿದಾಗ, ಕಲಿತವನೇ ತಪ್ಪಿದನು ನಾವೇನು ಮಾಡೋಣ ಎಂದು ಗುತ್ತಿಗೆದಾರನೂ ಅಧಿಕಾರಿಯೂ ಕೈತೊಳೆದುಕೊಳ್ಳುವ ದಾರಿಯನ್ನು ನಾವು ತೆರೆಯಬಾರದು. ಗುಡ್ಡವನ್ನು ಎಷ್ಟು ಇಳಿಜಾರಾಗಿ ಕಡಿಯಬೇಕೆಂಬದನ್ನು ನಿರ್ಣಯಿಸುವವನು ಲಿವರು ಹಿಡಿದವನಲ್ಲ. ನಕಾಶೆ ಬರೆದವನು, ಭೂಸ್ವಾಧೀನದ ಅಗಲವನ್ನು ಉಳಿಸಹೊರಟವನು, ಮಳೆಗಾಲದ ಮುಂಚೆ ಮುಗಿಸೆಂದು ಅವಸರ ಮಾಡುವವನು ಇವರೆಲ್ಲರೂ ಆ ಯಂತ್ರದ ಹಿಂದೆ ನಿಂತಿರುತ್ತಾರೆ. ಆದುದರಿಂದ ಸಿಮ್ಯುಲೇಟರಿನ ಆಸನದಲ್ಲಿ ಮೇಲ್ವಿಚಾರಕನೂ ಎಂಜಿನಿಯರನೂ ಒಂದೊಂದು ದಿನವಾದರೂ ಕೂರಲಿ. ತಾವು ಬರೆದ ಗೆರೆಯು ಗುಡ್ಡದ ಬುಡದಿಂದ ಹೇಗೆ ಕಾಣುವದೆಂಬದು ಅವರಿಗೂ ತಿಳಿಯಲಿ. ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸಿದ ಆಪರೇಟರನ ಆ ದಿನದ ಕೂಲಿಯನ್ನು ಯಾರೂ ಮುರಿಯದಂತೆ, ಮರುದಿನ ಅವನನ್ನು ಕೆಲಸದಿಂದ ಬಿಡಿಸದಂತೆ ಕರಾರಿನಲ್ಲಿಯೇ ಬರೆಯಿಸಬೇಕು. ನಿಲ್ಲಿಸುವ ಹಕ್ಕಿಲ್ಲದವನಿಗೆ ಅಪಾಯವನ್ನು ಗುರುತಿಸಲು ಕಲಿಸುವದು ಅವನನ್ನು ಹಿಂಸಿಸಿದಂತೆಯೇ.

ಹೊನ್ನಾವರದ ಬಂದರಾಗಲಿ, ಗೇರುಸೊಪ್ಪೆಯ ಮೇಲೆ ಯೋಜಿಸಿದ ೨,೦೦೦ ಮೆಗಾವಾಟಿನ ಶರಾವತಿ ಭೂಗತ ವಿದ್ಯುದಾಗಾರವಾಗಲಿ, ಅವು ಬೇಕೇ ಬೇಡವೇ ಎಂಬ ವಾದವು ಬೇರೆ. ಅದನ್ನು ಇಲ್ಲಿ ಎತ್ತುವದಿಲ್ಲ. ಅವು ಆಗಲಿ ಆಗದಿರಲಿ, ಈ ಮೂರು ತಾಲೂಕುಗಳಲ್ಲಿ ಯಂತ್ರಗಳಿಗೆ ಕೆಲಸ ತಪ್ಪುವದಿಲ್ಲ. ಜಿಲ್ಲಾಧಿಕಾರಿಗಳು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಗುಡ್ಡ ಕಡಿಯುವ ಪ್ರತಿಯೊಂದು ಸರಕಾರಿ ಕಾಮಗಾರಿಯ ಸ್ಥಳದಲ್ಲಿ ಯಂತ್ರ ನಡೆಸುವವರು ಯಾರು, ಎಷ್ಟು ವರ್ಷದಿಂದ ನಡೆಸುತ್ತಿದ್ದಾರೆ, ಎಲ್ಲಿ ಕಲಿತರು ಎಂಬ ಪಟ್ಟಿಯನ್ನು ಗುತ್ತಿಗೆದಾರರಿಂದ ತರಿಸಿಕೊಳ್ಳಲಿ. ನಮ್ಮ ಮೂರು ತಾಲೂಕುಗಳ ಶಾಸಕರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಾರ್ಮಿಕ ಮಂತ್ರಿಗಳ ಬಳಿ ಹೋಗಿ, ಹೊನ್ನಾವರವು ನಡುವಿನ ಊರಾದುದರಿಂದ ಅಲ್ಲಿಯೇ ಸಿಮ್ಯುಲೇಟರೊಂದನ್ನೂ ಅಭ್ಯಾಸದ ಬಯಲೊಂದನ್ನೂ ಬೇಡಲಿ. ಮಳೆಗಾಲದ ನಾಲ್ಕು ತಿಂಗಳು ಮಣ್ಣಿನ ಕೆಲಸ ಬಹುಮಟ್ಟಿಗೆ ನಿಂತು ಆಪರೇಟರರೂ ಹೆಲ್ಪರರೂ ಕೈಕಟ್ಟಿ ಕೂರುವ ಕಾಲ. ಆ ನಾಲ್ಕು ತಿಂಗಳ ಕೂಲಿಯ ಅರ್ಧವನ್ನಾದರೂ ನಿಧಿಯಿಂದ ಕೊಟ್ಟು ಅವರನ್ನು ಶಾಲೆಗೆ ಕರೆಯಲಿ; ಮಳೆ ನಿಂತು ಮತ್ತೆ ಗುಡ್ಡದ ಮುಂದೆ ಯಂತ್ರವನ್ನು ತಂದು ನಿಲ್ಲಿಸುವ ಗುತ್ತಿಗೆದಾರನಿಂದ, ಮೊದಲ ಬಕೆಟ್ಟು ಏಳುವ ಮುನ್ನ, ನಡೆಸುವವನ ಪ್ರಮಾಣಪತ್ರವನ್ನು ಕೇಳಲಿ.